ತೊಳೆದ ಮೇಲೆ ನೋಡಿದ ಜ್ವರ

ದಿನಕ್ಕೆ ಮೂರು ಸಲ ಸ್ನಾನ ಮಾಡುವ ಮನುಷ್ಯನಿಗೆ ತಾನು ಕೊಳಕನೇನೋ ಎಂಬ ಅನುಮಾನ ಬರಬಾರದು. ಆ ಪಶುವೈದ್ಯ ಬಹಳ ಕಾಲ ಹಾಗೆಯೇ ನಂಬಿಕೊಂಡಿದ್ದ. ಬೆಳಿಗ್ಗೆ ಮನೆಯಲ್ಲೊಂದು ಸ್ನಾನ, ಹಂದಿಗಳ ಶೆಡ್ಡಿನೊಳಕ್ಕೆ ಹೋಗುವಾಗ ಒಂದು, ಹೊರಕ್ಕೆ ಬರುವಾಗ ಇನ್ನೊಂದು. ಉಗುರಿನ ಸಂದಿ, ಕಿವಿಯ ಹಿಂದು, ಮೂಗಿನ ಹೊಳ್ಳೆ ಎಲ್ಲವನ್ನೂ ಉಜ್ಜಿಕೊಳ್ಳಬೇಕೆಂದು ಶೆಡ್ಡಿನ ಗೋಡೆಯ ಮೇಲೆ ಚಿತ್ರ ಬರೆದು ಅಂಟಿಸಿದ್ದರು. ಚಿತ್ರದಲ್ಲಿ ಸೋಪು ಹಚ್ಚಿಕೊಳ್ಳುತ್ತಿದ್ದವನು ಮದುವೆಗೆ ಹೊರಟವನ ಹಾಗೆ ನಗುತ್ತಿದ್ದ. ಇಷ್ಟಾದರೂ ಸಂಜೆ ಮನೆಗೆ ಬಂದಾಗ ಹೆಂಡತಿ ಮೂಗನ್ನು ಒಂದಿಷ್ಟೇ ಇಷ್ಟು, ಬಹಳ ಮರ್ಯಾದೆಯಿಂದ, ಆ ಕಡೆ ತಿರುಗಿಸುತ್ತಿದ್ದಳು. ಅವಳದೂ ತಪ್ಪಲ್ಲ. ಹಂದಿಯ ವಾಸನೆ ಚರ್ಮದ ಮೇಲಿರುವುದಿಲ್ಲ, ಕೂದಲಿನಲ್ಲಿ ಸಂಸಾರ ಹೂಡಿರುತ್ತದೆ. ಈ ದಿನ ಬೆಳಿಗ್ಗೆ ಅವನು ಬಚ್ಚಲಿನಲ್ಲಿ ನಲ್ಲಿಯ ಕೆಳಗೆ ಎಷ್ಟು ಹೊತ್ತು ನಿಂತಿದ್ದನೆಂದರೆ, ಬಾಗಿಲಿನ ಆಚೆಯಿಂದ ತಾಯಿಯ ದನಿ ಬಂತು.

"ಏನೋ, ನೀನು ಸ್ನಾನ ಮಾಡ್ತಿದೀಯೋ, ನೆನೆ ಹಾಕ್ಕೊಂಡಿದೀಯೋ?"

ಬಂದೆ ಎಂದ. ಬರಲಿಲ್ಲ. ನೀರು ನೆತ್ತಿಯ ಮೇಲೆ ಬಿದ್ದು, ಬೆನ್ನ ಮೇಲೆ ಹರಿದು, ಮೈ ತಣ್ಣಗಾಗುತ್ತಿತ್ತು. ಆ ತಣ್ಣಗಾಗುವುದೇ ಈಚೆಗೆ ಅವನಿಗೆ ಆಗಿಬರುತ್ತಿರಲಿಲ್ಲ. ಶೆಡ್ಡಿನಲ್ಲಿ ಕಿವಿಹರಕನೆಂಬ ಹಂದಿಯ ಬೆನ್ನ ಮೇಲೂ ನೀರು ಹೀಗೇ ಹರಿಯುತ್ತಿತ್ತು. ಅದು ಕಣ್ಣು ಮುಚ್ಚಿ, ಬಾಲ ಇಳಿಬಿಟ್ಟು, ಯಾರೋ ದೊಡ್ಡ ಉಪಕಾರ ಮಾಡುತ್ತಿದ್ದಾರೆಂಬಂತೆ ನಿಂತಿರುತ್ತಿತ್ತು. ಉಪಕಾರ ಮಾಡುತ್ತಿದ್ದವನು ಇವನೇ.

ತಣ್ಣಗಿರುವುದು ಅವನ ಆಸ್ತಿ. ಬೇರೆಯವರಿಗೆ ಮನೆಯೋ ಗದ್ದೆಯೋ ಇರುವಂತೆ ಅವನಿಗೆ ಅದಿತ್ತು. ಯಾರು ಏನೆಂದರೂ ಮುಖ ಆಗತಾನೇ ಸುಣ್ಣ ಬಳಿದ ಗೋಡೆ. ಹೆಂಡತಿಯ ಕಡೆಯ ಮದುವೆಗಳಲ್ಲಿ ಅವನನ್ನು ಹಂದಿ ಡಾಕ್ಟ್ರು ಎಂದು ಪರಿಚಯ ಮಾಡಿಕೊಡುತ್ತಿದ್ದರು, ಊಟದ ಸಾಲಿನಲ್ಲಿ ಪಕ್ಕದ ಕುರ್ಚಿ ಯಾಕೋ ಖಾಲಿ ಉಳಿಯುತ್ತಿತ್ತು, ಅವನು ಖಾಲಿ ಕುರ್ಚಿಯ ಮೇಲೆ ತನ್ನ ಕರವಸ್ತ್ರ ಇಟ್ಟುಕೊಂಡು, ಜಾಗ ವಿಶಾಲವಾಯಿತೆಂದು ಸಂತೋಷಪಟ್ಟವನಂತೆ ಊಟ ಮಾಡುತ್ತಿದ್ದ. ಚಿಕ್ಕಂದಿನಲ್ಲೇ ರೂಢಿಸಿಕೊಂಡ ವಿದ್ಯೆ ಇದು. ಅಪ್ಪ ಸಗಟು ಮಾರುಕಟ್ಟೆಯಲ್ಲಿ ತೂಕ ಮಾಡುವವನು. ದೊಡ್ಡ ತಕ್ಕಡಿಯ ಪಕ್ಕ ನಿಂತು ಮೂಟೆಗಳ ತೂಕ ಕೂಗಿ ಹೇಳುವುದು ಅವನ ಕೆಲಸ; ಆದರೆ ಕೂಗುವುದನ್ನು ಅಲ್ಲಿಗೇ ನಿಲ್ಲಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ತಟ್ಟೆಯ ಅಂಚಿಗೆ ಯಾರದಾದರೂ ಹೆಬ್ಬೆರಳು ತಗುಲಿತೋ, ಅಪ್ಪನ ಬಾಯಿ ಮಾರುಕಟ್ಟೆಯ ಮೂರೂ ಬಾಗಿಲಿಗೆ ಕೇಳುತ್ತಿತ್ತು. ಒಂದು ಸಲ ಒಬ್ಬ ದೊಡ್ಡ ವ್ಯಾಪಾರಿಯ ಕೈಯನ್ನು ತಕ್ಕಡಿಯಿಂದ ಕಿತ್ತು ಎಲ್ಲರಿಗೂ ಎತ್ತಿ ತೋರಿಸಿದ್ದ, ಹಿಡಿದ ಮೀನನ್ನು ತೋರಿಸುವವರ ಹಾಗೆ. ಆ ಹೊತ್ತಿಗೆ ಸರಿಯಾಗಿ ಮಗ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಾರುಕಟ್ಟೆಗೆ ಮಾರುಕಟ್ಟೆಯೇ ನಕ್ಕಿತು. ವ್ಯಾಪಾರಿಯನ್ನು ನೋಡಿ ಅಲ್ಲ, ಅಪ್ಪನನ್ನು ನೋಡಿ. ಎಂಜಲು ಹಾರುತ್ತಿದ್ದ ಬಾಯಿ, ಬಿಚ್ಚಿಹೋದ ಅಂಗಿಯ ಗುಂಡಿ. ಹುಡುಗ ಡಬ್ಬಿಯನ್ನು ಒಂದು ಮೂಟೆಯ ಮೇಲಿಟ್ಟು, ಇವನು ನನ್ನ ಅಪ್ಪನಲ್ಲ ಎನ್ನುವ ನಡಿಗೆಯಲ್ಲಿ ಹೊರಗೆ ಬಂದ. ಅಪ್ಪನ ಕೆಲಸ ಹೋಯಿತು, ಮಗನ ನಡಿಗೆ ಮಾತ್ರ ಹಾಗೇ ಉಳಿಯಿತು. ಈಗಲೂ ಅವನು ಸಭೆಗಳಿಂದ ಅದೇ ನಡಿಗೆಯಲ್ಲಿ ಹೊರಗೆ ಬರುತ್ತಾನೆ.

ಮೈ ಒರೆಸಿಕೊಂಡು ಬಂದಾಗ ಹೆಂಡತಿ ಟೀ ಲೋಟ ಮೇಜಿನ ಆಚೆ ತುದಿಯಲ್ಲಿಟ್ಟಿದ್ದಳು. ಅದು ಅವನ ತುದಿ.

"ಇವತ್ತಿಗೆ ಮುಗೀತಲ್ಲ?" ಎಂದಳು. "ಅಣ್ಣ ಸಂಜೆ ಎಲ್ಲರನ್ನೂ ಕರ್ಕೊಂಡು ಇಲ್ಲಿಗೇ ಊಟಕ್ಕೆ ಬರ್ತಾನಂತೆ. ಹನ್ನೆರಡು ವರ್ಷದ ಕೆಲಸ, ಸುಮ್ನೇನಾ? ನೀವು ಬರ್ತಾ ಆ ಹಳೇ ಅಂಗಿ ಹಾಕ್ಕೊಂಡು ಬರಬೇಡಿ."

"ಹಂದಿಗಳ ಇವತ್ತಿನ ಜ್ವರ ನೋಡಬೇಕಲ್ಲ ಇನ್ನೂ."

"ನೋಡಿ. ಯಾರು ಬೇಡ ಅಂದ್ರು. ಇಲ್ಲ ಅಂತ ಬರತ್ತೆ ತಾನೇ?"

"ಇಲ್ಲ ಅಂತ ಬರೋ ಹಾಗೇ ನೋಡ್ತಿದೀವಿ," ಎಂದ. ಅದು ತಮಾಷೆಯೆಂದು ಅವಳು ನಕ್ಕಳು. ಅವನೂ ನಕ್ಕ. ತಾಯಿ ಮಾತ್ರ ಮೂಲೆಯ ಕುರ್ಚಿಯಲ್ಲಿ ಕೂತು ಅವನನ್ನೇ ನೋಡುತ್ತ, "ನಿಮ್ಮಪ್ಪನಿಗೆ ಸಿಟ್ಟು ಬಂದ್ರೆ ನೆರೆಮನೆಗೂ ಗೊತ್ತಾಗ್ತಿತ್ತು. ನಿಂಗೆ ಹೊಟ್ಟೆನೋವು ಬಂದ್ರೂ ಗೊತ್ತಾಗಲ್ಲ ಕಣೋ," ಎಂದಳು. ಹೊಗಳಿದಳೋ ತೆಗಳಿದಳೋ ಅವನು ವಿಚಾರಿಸಲು ಹೋಗಲಿಲ್ಲ.

ಅವನ ಕೆಲಸ ಏನೆಂದು ಹೇಳಿದರೆ ಜನ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಬೇರೆ ಮಾತು ತೆಗೆಯುತ್ತಾರೆ. ಹಂದಿ ಜ್ವರಕ್ಕೆ ಜೀವಂತ ಲಸಿಕೆ. ಎಂದರೆ ಕೊಲ್ಲುವ ರೋಗಾಣುವನ್ನೇ ಹಿಡಿದು, ಅದರ ಹಲ್ಲು ಕಿತ್ತು, ಸಾಧುವಾಗಿಸಿ, ಹಂದಿಯೊಳಕ್ಕೆ ಬಿಡುವುದು. ಹಂದಿಯ ಮೈ ಆ ಸಾಧುವಿನ ಜೊತೆ ಗುದ್ದಾಡಿ ಪಳಗುತ್ತದೆ, ನಾಳೆ ನಿಜವಾದ ಪುಂಡ ಬಂದಾಗ ಹೆದರುವುದಿಲ್ಲ. ಕೇಳಲು ಚೆನ್ನಾಗಿದೆ. ಒಂದೇ ತೊಡಕು: ಆ ರೋಗಾಣು ಜೀವಂತವಾಗಿದೆ, ಬದುಕಿರುವುದಕ್ಕೆ ಹಳೆಯ ಬುದ್ಧಿ ಯಾವಾಗ ಮರಳುತ್ತದೆಂದು ಹೇಳಲಾಗುವುದಿಲ್ಲ. ಹಾಗಾಗಿ ಪರೀಕ್ಷೆ. ಲಸಿಕೆಯನ್ನು ಮೊದಲ ತಂಡದ ಹಂದಿಗಳಿಗೆ ಕೊಟ್ಟು, ಅವುಗಳ ಮೈಯಿಂದ ರೋಗಾಣುವನ್ನು ತೆಗೆದು ಎರಡನೆಯ ತಂಡಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಹೀಗೆ ಐದು ಮನೆ ದಾಟಿಸುವುದು. ಕೆಡುವುದಕ್ಕೆ ಅದಕ್ಕೆ ಎಲ್ಲ ಅನುಕೂಲವನ್ನೂ ಮಾಡಿಕೊಡುವುದು, ಆಮೇಲೆ ಕೆಡಲಿಲ್ಲವಲ್ಲ ಎಂದು ಕೊನೆಯ ತಂಡದ ಹಿಂಬದಿಗೆ ಥರ್ಮಾಮೀಟರ್ ಇಟ್ಟು ನೋಡುವುದು. ಲೋಕದಲ್ಲಿ ಬೇರೆ ಯಾವ ಕೆಲಸದಲ್ಲೂ ಸಾಧುವನ್ನು ಕೆಡಿಸುವುದಕ್ಕೆ ಸಂಬಳ ಕೊಡುವುದಿಲ್ಲ ಎಂದು ಅವನು ಒಂದು ಕಾಲದಲ್ಲಿ ಹೆಂಡತಿಗೆ ಹೇಳಿ ನಗಿಸಲು ನೋಡಿದ್ದ. ಅವಳು, ನಮ್ಮಣ್ಣನ ಮುಂದೆ ಹೀಗೆಲ್ಲ ಅನ್ನಬೇಡಿ ಎಂದಿದ್ದಳು.

ಅವಳ ಅಣ್ಣನೇ ಸಂಸ್ಥೆಯ ಮುಖ್ಯಸ್ಥ. ಇವನಿಗೆ ಭಾವ. ಕೆಲಸ ಸಿಕ್ಕಿದ್ದಕ್ಕೆ ಹೆಣ್ಣು ಕೊಟ್ಟರೋ, ಹೆಣ್ಣು ತಂದಿದ್ದಕ್ಕೆ ಕೆಲಸ ಉಳಿಯಿತೋ ಎಂದು ಸಂಸ್ಥೆಯ ಕ್ಯಾಂಟೀನಿನಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ. ಮನೆಯಲ್ಲಿ ಭಾವ, ಸಂಸ್ಥೆಯಲ್ಲಿ ಸರ್. ಒಂದು ಸಲ ತುಂಬಿದ ಸಭೆಯಲ್ಲಿ ಇವನು ಬಾಯಿತಪ್ಪಿ "ಹಾಗಲ್ಲ ಭಾವ" ಎಂದುಬಿಟ್ಟಿದ್ದ; ಎಲ್ಲರೂ ನಕ್ಕ ಸದ್ದು ಅಡಗಿದ ಮೇಲೆ, ಭಾವ ಕನ್ನಡಕ ಒರೆಸುತ್ತ, "ಇಲ್ಲಿ ನಾನು ಯಾರ ಭಾವಾನೂ ಅಲ್ಲಪ್ಪ" ಎಂದಿದ್ದ. ಅಂದಿನಿಂದ ಇವನು ಮಾತಿಗೆ ಮೊದಲು ಒಂದು ಉಸಿರು ನಿಲ್ಲಿಸಿ, ತಾನು ಎಲ್ಲಿದ್ದೇನೆಂದು ನೋಡಿಕೊಂಡು ಬಾಯಿ ಬಿಡುತ್ತಾನೆ. ಆ ಉಸಿರಿನೊಳಗೆ ಎಷ್ಟೋ ಮಾತು ಸತ್ತುಹೋಗಿವೆ.

ಭಾವ ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಅವನು ಏನಾದರೂ ಆಜ್ಞೆ ಮಾಡುತ್ತಿದ್ದ, ಇವನು ಬೇಡವೆನ್ನಬಹುದಿತ್ತು. ಕೆಲವು ದಿನದ ಹಿಂದೆ ಒಂದು ರಾತ್ರಿ, ಮನೆಯಲ್ಲಿ ಊಟದ ಹೊತ್ತಿಗೆ ಇವನೇ ಮಾತೆತ್ತಿದ್ದು. ಐದನೆಯ ತಂಡದಲ್ಲಿ ಒಂದು ಹಂದಿ, ಕಿವಿ ಹರಿದದ್ದು, ಸ್ವಲ್ಪ ಬೆಚ್ಚಗಿದೆ, ನಲವತ್ತೂವರೆ ಡಿಗ್ರಿಯ ಗೆರೆಯ ಹತ್ತಿರ ಸುಳಿಯುತ್ತಿದೆ ಎಂದ. ಆ ಗೆರೆ ದಾಟಿದರೆ ಜ್ವರ. ಭಾವ ಅನ್ನ ಕಲಸುತ್ತ, ತಲೆ ಎತ್ತದೆ, "ಈ ಸೆಕೆಗೆ ನಂಗೂ ಇದೆ ಜ್ವರ. ಚೆನ್ನಾಗಿ ನೀರು ಹಾಕಿ ತೊಳೆದು, ಆಮೇಲೆ ನೋಡಿದ್ರೆ ನಿಜವಾದ್ದು ಗೊತ್ತಾಗತ್ತೆ, ಅಲ್ವಾ," ಎಂದು, ತಂಗಿಯ ಕಡೆ ತಿರುಗಿ ಉಪ್ಪು ಕೇಳಿದ. ಅಷ್ಟೇ. ಮಾರನೆಯ ದಿನದಿಂದ ಶೆಡ್ಡಿನಲ್ಲಿ ಕೆಲಸದ ಸರದಿ ಬದಲಾಯಿತು. ಅಲ್ಲಿಯ ತನಕ ಮೊದಲು ಜ್ವರ ನೋಡುವುದು, ಆಮೇಲೆ ನೆಲ ತೊಳೆಯುವುದು, ಕಡೆಗೆ ಹಂದಿಗಳ ಮೈ. ಈಗ ಮೊದಲು ಮೈ, ಅದೂ ದಂಡಿಯಾಗಿ ತಣ್ಣೀರು, ಆಮೇಲೆ ಜ್ವರ. ತಣ್ಣೀರು ಹೊಡೆಸಿಕೊಂಡ ಹಂದಿಯ ಮೈ ಅರ್ಧ ಡಿಗ್ರಿ ಇಳಿಯುತ್ತದೆಂದು ಪಶುವೈದ್ಯನಾಗಿ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಪಕ್ಕಕ್ಕಿಡುವುದನ್ನೂ ಅವನು ಕಲಿತಿದ್ದ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಶುಚಿತ್ವಕ್ಕೆ ಯಾರಾದರೂ ಕಾರಣ ಕೇಳುತ್ತಾರೆಯೇ.

ನಿನ್ನೆಯ ಸಭೆಯ ತನಕ ಅದು ಬರೀ ನೀರಿನ ವಿಷಯವಾಗಿತ್ತು. ನಿನ್ನೆ ಮಧ್ಯಾಹ್ನ ಲ್ಯಾಬಿನ ಹುಡುಗಿ ತನ್ನ ಫಲಿತಾಂಶ ಹೇಳಿದಳು. ರೋಗಾಣುವಿನ ಜೀನನ್ನು ಅಕ್ಷರ ಅಕ್ಷರವಾಗಿ ಓದುವುದು ಅವಳ ಕೆಲಸ. ಕ್ಯಾಂಟೀನಿನಲ್ಲಿ ಅವಳ ಹೆಸರೇ ಅಕ್ಷರದ ಹುಡುಗಿ. ಪುಂಡ ರೋಗಾಣುವನ್ನು ಸಾಧು ಮಾಡಲು ಭಾವ ಮೂರು ಕಡೆ ಅಕ್ಷರ ಬದಲಾಯಿಸಿದ್ದ, ಅವನ ಹನ್ನೆರಡು ವರ್ಷವೆಂದರೆ ಆ ಮೂರು ಅಕ್ಷರ. ಅವುಗಳಲ್ಲಿ ಒಂದು, ಐದನೆಯ ತಂಡದಲ್ಲಿ, ಅರ್ಧಕ್ಕರ್ಧ ರೋಗಾಣುಗಳಲ್ಲಿ, ಮೊದಲಿನಂತೆಯೇ ಆಗಿಬಿಟ್ಟಿತ್ತು. ಸಾಧು ಐದನೆಯ ಮನೆಯ ಹೊಸ್ತಿಲಲ್ಲಿ ಕಾವಿ ಕಳಚಿ ನೇತುಹಾಕಿದ್ದ. ಭಾವ ಕನ್ನಡಕ ತೆಗೆದು ಒರೆಸಿದ. ಆಗ ಇವನಿಗೆ ಭಾವನ ಮುಖ ಕಂಡಿತು. ಕನ್ನಡಕವಿಲ್ಲದ ಆ ಮುಖದಲ್ಲಿ, ಪರೀಕ್ಷೆಯಲ್ಲಿ ನಪಾಸಾಗಿ ಮನೆಗೆ ಹೇಗೆ ಹೋಗುವುದೆಂದು ಯೋಚಿಸುವ ಒಬ್ಬ ಹುಡುಗನಿದ್ದ. ಕನ್ನಡಕ ಏರಿದ ಕೂಡಲೇ ಹುಡುಗ ಮಾಯ.

"ಮೂರರಲ್ಲಿ ಒಂದು ತಾನೇ," ಎಂದ ಭಾವ. "ಇನ್ನೆರಡು ಗಟ್ಟಿಯಾಗಿವೆ. ಅಕ್ಷರ ಏನು ಬೇಕಾದ್ರೂ ಹೇಳಲಿ, ಹಂದಿ ಏನು ಹೇಳತ್ತೆ ಅನ್ನೋದು ಮುಖ್ಯ. ಹಂದಿಗೆ ಜ್ವರ ಬಂದಿಲ್ಲ ಅಂದ್ಮೇಲೆ ಆ ಅಕ್ಷರಕ್ಕೆ ಅರ್ಥ ಇಲ್ಲ. ಏನಪ್ಪ ಡಾಕ್ಟ್ರೆ, ಜ್ವರ ಬಂದಿದೆಯಾ?"

ಇವನು ಉಸಿರು ನಿಲ್ಲಿಸಿ ತಾನೆಲ್ಲಿದ್ದೇನೆಂದು ನೋಡಿಕೊಂಡ. "ಇಲ್ಲ ಸರ್," ಎಂದ. ಅದು ಸುಳ್ಳೂ ಅಲ್ಲ. ತೊಳೆದ ಹಂದಿಗೆ ಜ್ವರವಿರಲಿಲ್ಲ.

ಹಾಗೆ ಆ ಅಕ್ಷರ, ಲಸಿಕೆ, ಅದರಾಚೆ ಎಲ್ಲೆಲ್ಲಿಯೋ ಹುಟ್ಟಬೇಕಾದ ಮರಿಗಳು, ಎಲ್ಲ ಬಂದು ಒಂದು ನೀರಿನ ಪೈಪಿನ ಮೇಲೆ ನಿಂತವು. ಎಲ್ಲರೂ ಕುರ್ಚಿ ಸರಿಸಿ ಎದ್ದರು. ಅಕ್ಷರದ ಹುಡುಗಿ ಮಾತ್ರ ಕೂತಲ್ಲಿಂದಲೇ, "ದೇವರ ದಯ ಸರ್, ಜ್ವರ ಇಲ್ಲ ಅಂದ್ರಲ್ಲ, ನಂಗೆ ಜೀವ ಬಂತು," ಎಂದಳು. ಯಾರಿಗೋ ಜೀವ ಬಂತಲ್ಲ, ಸದ್ಯ. ಅವನು ತನ್ನ ಹಳೆಯ ನಡಿಗೆಯಲ್ಲಿ ಹೊರಗೆ ಬಂದ.

ಶೆಡ್ಡು ಊರಿನಾಚೆ, ಗೋಡೆಯೊಳಗೆ ಗೋಡೆ. ಹೊರಗಿನ ಕೋಣೆಯಲ್ಲಿ ಬಟ್ಟೆ, ಗಡಿಯಾರ, ಉಂಗುರ ಎಲ್ಲವನ್ನೂ ಕಳಚಿಟ್ಟು, ನಡುವಿನ ಕೋಣೆಯಲ್ಲಿ ಮಿಂದು, ಒಳಗಿನ ಕೋಣೆಯಲ್ಲಿ ಸಂಸ್ಥೆಯ ನೀಲಿ ದಿರಿಸು ತೊಟ್ಟುಕೊಳ್ಳಬೇಕು. ಆ ನಡುವಿನ ಕೋಣೆಯಲ್ಲಿ ಮನುಷ್ಯ ಯಾವ ಕಡೆಗೂ ಸೇರಿದವನಲ್ಲ. ಮದುವೆಯ ಉಂಗುರ ಈಚೆಗೆ ಬೆರಳಿನಿಂದ ಬರುತ್ತಿರಲಿಲ್ಲ. ಇವತ್ತೂ ಸೋಪು ಹಚ್ಚಿ, ತಿರುವಿ, ಚರ್ಮ ಕೆಂಪಾಗುವ ತನಕ ಎಳೆದ. ಈ ಉಂಗುರ ತೊಡಿಸುವಾಗ ಭಾವನೇ ಅವನ ಮಣಿಕಟ್ಟು ಹಿಡಿದಿದ್ದ, ಬೆರಳು ನಡುಗದಿರಲೆಂದು. ಅಪ್ಪ ಆ ಮದುವೆಗೆ ಇರಲಿಲ್ಲ, ಅಷ್ಟರಲ್ಲಿ ತೀರಿಹೋಗಿದ್ದ. ಸದ್ಯ ತೀರಿಹೋಗಿದ್ದಾನೆ, ಇಲ್ಲದಿದ್ದರೆ ಬೀಗರ ಮುಂದೆ ಏನು ಕೂಗಾಡುತ್ತಿದ್ದನೋ ಎಂದು ಆ ದಿನ ಒಂದು ಯೋಚನೆ ಬಂದದ್ದು, ಹೋಗದೆ ಎಲ್ಲೋ ಕೂತಿತ್ತು. ಉಂಗುರ ಟಣ್ಣೆಂದು ಬಟ್ಟಲಿಗೆ ಬಿತ್ತು.

ಒಳಗೆ ಬೂಟಿನಕ್ಕ ಪೈಪು ಬಿಚ್ಚುತ್ತಿದ್ದಳು. ಶೆಡ್ಡಿನಲ್ಲಿ ಹಂದಿ ನೋಡಿಕೊಳ್ಳುವ ಹೆಂಗಸು. ಅವಳ ಅಳತೆಯ ಬೂಟು ಸಂಸ್ಥೆಗೆ ಇನ್ನೂ ಬಂದಿಲ್ಲದ್ದರಿಂದ ಗಂಡಸರ ಬೂಟಿನಲ್ಲಿ ಗಳಕ್ ಗಳಕ್ ಎಂದು ನಡೆಯುತ್ತಾಳೆ. ಬರುವುದು ಗೊತ್ತಾಗಲೆಂದೇ ಕೊಟ್ಟಿದ್ದಾರೆ ಎಂದು ಅವಳೇ ಹೇಳುತ್ತಾಳೆ.

"ಬನ್ನಿ ಡಾಕ್ಟ್ರೆ. ಮುಖ ಯಾಕೆ ಹೀಗಿದೆ, ಮನೇಲಿ ಯಾರಾದ್ರೂ ಬೈದ್ರಾ?"

"ಬೈದ್ರೆ ಮುಖದಲ್ಲಿ ಕಾಣಲ್ಲ ನಂದು."

"ಅದೂ ನಿಜಾನೇ. ನಿಮ್ಮ ಮುಖ ನೋಡಿ ಏನೂ ಹೇಳಕ್ಕಾಗಲ್ಲ. ಹಂದೀದೇ ವಾಸಿ." ಪೈಪಿನ ಗಂಟು ಬಿಡಿಸುತ್ತ ಮುಂದುವರಿದಳು. "ಇವತ್ತಿಗೆ ಮುಗೀತು ಅಂತ ಅಕ್ಕನಿಗೆ ಹೇಳಿ ಕಳಿಸಿದೀನಿ. ಟೆಸ್ಟು ಶುರುವಾದಾಗಿಂದ ತವರಿನ ಹೊಸ್ತಿಲು ತುಳಿದಿಲ್ಲ ನಾನು. ಅಕ್ಕನ ಮಗಳು ಹಡೆದ್ಲು, ಮಗೂನ ಫೋನಲ್ಲೇ ನೋಡಿದೆ. ಅಲ್ಲಿ ಹಂದಿ ಇದೆ, ನೀವು ಹೋಗೋ ಹಾಗಿಲ್ಲ ಅಂತ ನೀವೇ ಅಂದ್ರಿ."

"ನಿಯಮ ಅಕ್ಕ. ಇಲ್ಲಿಂದ ಏನಾದ್ರೂ ಅಂಟಿಸ್ಕೊಂಡು ಹೋದ್ರೆ..."

"ಗೊತ್ತು ಗೊತ್ತು, ಬೈತಿಲ್ಲ. ಹೋದ ವರ್ಷ ಆ ಜ್ವರಕ್ಕೆ ಅಕ್ಕನ ಕೊಟ್ಟಿಗೆ ಪೂರ್ತಿ ಹೋಯ್ತಲ್ಲ, ಒಂದು ತಾಯಿಹಂದಿ ಉಳಿದಿದೆ. ಈಗ ಅದೂ ಗಬ್ಬ. ಹಾಳು ಮೂಳು ಸೂಜಿ ಹಾಕಿಸಬೇಡ, ನಮ್ಮ ಡಾಕ್ಟ್ರುದು ಬರೋ ತನಕ ತಡಿ ಅಂದಿದೀನಿ. ಮೊದಲನೇ ಸೂಜಿ ಅದಕ್ಕೇ, ಹೇಳಿಬಿಟ್ಟಿದೀನಿ." ಪೈಪಿನ ತುದಿ ಹಿಡಿದು ನಲ್ಲಿಯ ಕಡೆ ಹೊರಟಳು. "ಕಿವಿಹರಕ ಇವತ್ತೂ ಅರ್ಧ ಮೇವು ಬಿಟ್ಟಿದೆ ನೋಡಿ. ಸೊಕ್ಕು. ನೀರು ಬಿಡ್ಲಾ?"

ಅವನು ಗೂಡಿನ ಕಂಬಿಯ ಮೇಲೆ ಕೈಯಿಟ್ಟು ನಿಂತಿದ್ದ. ಕಿವಿಹರಕ ಗೋಡೆಗೆ ಒತ್ತಿಕೊಂಡು, ಹೊಟ್ಟೆಯನ್ನು ತಂಪು ನೆಲಕ್ಕೆ ಚಾಚಿ ಮಲಗಿತ್ತು. ಉಳಿದವು ನೀರಿನ ಪೈಪು ಕಂಡು ಎದ್ದು ಕುಣಿಯುತ್ತಿದ್ದವು. ಅದು ಒಂದು ಕಣ್ಣು ತೆರೆದು ಅವನನ್ನು ನೋಡಿ ಮುಚ್ಚಿಕೊಂಡಿತು. ತಟ್ಟೆಯ ಅಂಚಿಗೆ ತಗುಲಿದ ಹೆಬ್ಬೆರಳು ಎಷ್ಟು ತೂಗುತ್ತದೆ? ಮೂಟೆಯ ಮುಂದೆ ಏನೂ ಇಲ್ಲ. ವ್ಯಾಪಾರಿ ಅಂದು ಅದನ್ನೇ ಹೇಳಿದ್ದ, ಬಹಳ ನಯವಾಗಿ, ಬೆರಳಿನ ತೂಕ ಎಷ್ಟು ಮಹಾ ಎಂದು. ನಯವಾಗಿ ಹೇಳಿದ್ದರಿಂದ ಡಬ್ಬಿ ಹಿಡಿದು ನಿಂತ ಹುಡುಗನಿಗೆ ಅವನ ಮಾತೇ ಸರಿಯೆನಿಸಿತ್ತು. ಇಷ್ಟು ವರ್ಷ ಸರಿಯೆನಿಸಿಕೊಂಡೇ ಬಂದಿತ್ತು.

"ಇವತ್ತು ತೊಳೆಯೋದು ಆಮೇಲೆ," ಎಂದ.

"ಮತ್ತೆ ತಿರುವು ಮುರುವಾ? ನೀವೇ ತಾನೇ ಮೊದಲು ನೀರು ಅಂದಿದ್ದು?"

"ನಾನೇ ಅಂದಿದ್ದು. ಈಗ ನಾನೇ ಬೇಡ ಅಂತಿದೀನಿ."

"ಸರಿ ಬಿಡಿ. ಹೇಗೂ ಬೂಟು ಒದ್ದೆ ಆಗೋದು ನಂದೇ."

ಓಡಾಡಿದ ಹಂದಿಯ ಮೈ ಸುಮ್ಮನೆ ಬಿಸಿಯಾಗುತ್ತದೆ. ಅದಕ್ಕೆ ಪೈಪು ಮರೆಗಿಟ್ಟು, ಕುಣಿಯುತ್ತಿದ್ದವು ಕುಣಿದು ಸುಸ್ತಾಗಿ ಮಲಗುವ ತನಕ ಇಬ್ಬರೂ ಹೊಟ್ಟಿನ ಚೀಲದ ಮೇಲೆ ಕೂತರು. ಬೂಟಿನಕ್ಕ ಅಕ್ಕನ ಮೊಮ್ಮಗುವಿನ ಮೂಗು ಯಾರ ಹಾಗಿದೆಯೆಂದು ವಿವರಿಸಿದಳು. ಆಮೇಲೆ ಅವನು ಒಂದೊಂದಾಗಿ ನೋಡಿದ. ಮೊದಲಿನವಕ್ಕೆ ಏನೂ ಇಲ್ಲ. ಏನೂ ಇಲ್ಲದಿದ್ದಾಗಲೆಲ್ಲ ಎದೆಯೊಳಗೆ ಒಂದು ಹೇಡಿ ಚಪ್ಪಾಳೆ ತಟ್ಟುತ್ತಿದ್ದ. ಕಿವಿಹರಕನ ಹಿಂದೆ ಮೊಣಕಾಲೂರಿ ಕೂತ. ಇಷ್ಟು ಓದಿ, ಇಷ್ಟು ಮಿಂದು, ಕಡೆಗೂ ಬಂದು ತಲುಪುವ ಜಾಗ ಇದು. ಅದರ ಬೆನ್ನ ಮೇಲೆ ಕೈಯಿಟ್ಟಾಗಲೇ ಗೊತ್ತಾಯಿತು. ಥರ್ಮಾಮೀಟರ್ ತೆಗೆದು ಬೆಳಕಿಗೆ ಹಿಡಿದ. ನಲವತ್ತೊಂದರ ಮೇಲೆ. ಒರೆಸಿ, ಕಾದು, ಇನ್ನೊಂದು ಥರ್ಮಾಮೀಟರ್ ಇಟ್ಟು ನೋಡಿದ. ಅದೂ ಹಾಗೆಯೇ ಹೇಳಿತು. ಎರಡೂ ಮಾತಾಡಿಕೊಂಡಿರಲಾರವು.

ಗೋಡೆಯ ಫೋನು ಎತ್ತಿ ಭಾವನಿಗೆ ಹೇಳಿದ.

"ಹೆದರಿರಬೇಕು," ಎಂದ ಭಾವ. "ಓಡಿಸಿದ್ರಾ?"

"ಮಲಗಿದ್ದಾಗ ನೋಡಿದ್ದು."

"ತೊಳೆದಿದ್ರಾ?"

"ಇಲ್ಲ."

"ಅದೇ ಮತ್ತೆ," ಎಂದ ಭಾವ, ಗಂಟು ಬಿಚ್ಚಿದವನಂತೆ. "ಇರು, ನಾನೇ ಬರ್ತೀನಿ."

ಭಾವ ಶೆಡ್ಡಿನೊಳಗೆ ಬಂದು ವರ್ಷಗಳೇ ಆಗಿದ್ದವು. ಅವನ ಹೊಟ್ಟೆಗೆ ತಕ್ಕ ದಿರಿಸು ಒಳಗಿನ ಕೋಣೆಯಲ್ಲಿ ಇರಲಿಲ್ಲ. ಮಿಂದು ಬಂದವನು ಮೊಣಕಾಲಿನ ಕೆಳಕ್ಕಿಳಿಯದ ನೀಲಿ ಚಲ್ಲಣದಲ್ಲಿ, ಗುಂಡಿ ಕೂಡದ ಅಂಗಿಯಲ್ಲಿ, ಒದ್ದೆ ಕೂದಲು ಹಣೆಗಂಟಿಕೊಂಡು, ಕನ್ನಡಕಕ್ಕೆ ಹಬೆ ಕಟ್ಟಿ ನಿಂತಾಗ ಬೂಟಿನಕ್ಕ ಬಾಯಿಗೆ ಸೆರಗು ಹುಡುಕಿ, ತಾನೂ ನೀಲಿ ದಿರಿಸಿನಲ್ಲಿರುವುದು ನೆನಪಾಗಿ, ಗೋಡೆಯ ಕಡೆ ತಿರುಗಿದಳು. ಇವನಿಗೆ ನಗು ಬರಲಿಲ್ಲ. ಅಂಗಿಯ ಗುಂಡಿ ಬಿಚ್ಚಿಹೋದ ಇನ್ನೊಬ್ಬ ಮನುಷ್ಯನನ್ನು ನೋಡಿ ಜನ ನಕ್ಕದ್ದು ಅವನಿಗೆ ನೆನಪಿತ್ತು.

"ಪೈಪೆಲ್ಲಿ?" ಎಂದ ಭಾವ. ದನಿ ಮೆತ್ತಗೇ ಇತ್ತು. "ಚೆನ್ನಾಗಿ ಒಂದ್ಸಲ ತಂಪು ಮಾಡಿ, ಇಬ್ರೂ ಸೇರಿ ನೋಡೋಣ. ನಿನ್ನ ಕಣ್ಣಿಗೆ ಸುಸ್ತಾಗಿದೆ. ಸಂಜೆ ಊಟ ಬೇರೆ ಇದೆ."

"ಬೇಡ ಸರ್."

"ಬೇಡ ಅಂದ್ರೆ?"

"ಇಷ್ಟು ದಿನ ತೊಳೆದು ನೋಡಿದ್ದು ನಾನು. ಇಳಿಸಿ ನೋಡಿದ್ದು. ಐದನೇ ತಂಡದ್ದು ಯಾವ್ದೂ ನಿಜ ಅಲ್ಲ. ಅದನ್ನೇ ಹೇಳ್ತೀನಿ ಎಲ್ಲರಿಗೂ."

ಭಾವ ಕನ್ನಡಕ ತೆಗೆದ. ಒರೆಸಲು ಒಣಗಿದ ಬಟ್ಟೆ ಮೈಮೇಲೆಲ್ಲೂ ಇರಲಿಲ್ಲ. ಆ ನಪಾಸಾದ ಹುಡುಗ ಮತ್ತೆ ಬಂದು ನಿಂತ, ಈ ಸಲ ಹೋಗಲಿಲ್ಲ. "ಹನ್ನೆರಡು ವರ್ಷ ಕಣಪ್ಪ," ಎಂದ. "ನಾನು ನಿಂಗೆ ತೊಳಿ ಅಂತ ಯಾವತ್ತಾದ್ರೂ ಹೇಳಿದ್ನಾ?"

"ಇಲ್ಲ. ನೀವು ಉಪ್ಪು ಕೇಳಿದ್ರಿ."

ಭಾವ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಕಂಬದ ಮರೆಯಲ್ಲಿದ್ದ ಪೈಪನ್ನು ತಾನೇ ಎಳೆದು, ನಲ್ಲಿ ತಿರುಗಿಸಿ, ಕಿವಿಹರಕನ ಗೂಡಿನ ಕಡೆ ಹಿಡಿದ. ಇಷ್ಟು ವರ್ಷ ಬರೀ ಸಹಿ ಹಾಕಿದ ಕೈ. ಪೈಪಿನ ಒದೆತ ತಡೆಯದೆ ನೀರು ಮೊದಲು ಛಾವಣಿಗೆ, ಆಮೇಲೆ ಬೂಟಿನಕ್ಕನ ಬೆನ್ನಿಗೆ ಹಾರಿ, ಕಡೆಗೆ ಗೂಡಿನ ಕಡೆ ತಿರುಗಿತು. ಪಶುವೈದ್ಯ ನಡುವೆ ಹೋಗಿ ನಿಂತ. ಯೋಚಿಸಿ ನಿಂತದ್ದಲ್ಲ, ಕಾಲು ಹೋಯಿತು. ನೀರು ಎದೆಗೆ ಬಡಿಯಿತು, ಕುತ್ತಿಗೆಗೆ ಏರಿತು, ಬಾಯೊಳಕ್ಕೆ ಹೊಕ್ಕಿತು. ದಿನದ ಮೂರನೆಯ ಸ್ನಾನ. ಎಂದಿನಂತೆ ತಣ್ಣಗಾಗುತ್ತೇನೆಂದು ಅವನು ಕಾದ. ಆಗಲಿಲ್ಲ. ಹೊಟ್ಟೆಯ ಆಳದಿಂದ ಏನೋ ಏರಿ ಬರುತ್ತಿತ್ತು, ಬಹಳ ಹಳೆಯದು, ಮಾರುಕಟ್ಟೆಯ ಮೂಟೆಗಳ ವಾಸನೆಯದು. ಒಂದು ಉಸಿರು ನಿಲ್ಲಿಸಿ ತಾನೆಲ್ಲಿದ್ದೇನೆಂದು ನೋಡಿಕೊಳ್ಳಬೇಕಿತ್ತು, ಮರೆತ.

"ಕೈ ತೆಗಿ ಭಾವ," ಎಂದು ಕೂಗಿದ.

ತಗಡಿನ ಛಾವಣಿ ಅದನ್ನು ಹಿಡಿದು ಶೆಡ್ಡಿನ ಆ ತುದಿಗೆ ಒಯ್ದು ಮತ್ತೆ ತಂದಿತು. ಮಲಗಿದ್ದ ಹಂದಿಗಳೆಲ್ಲ ಎದ್ದು ನಿಂತವು. ಅದು ಯಾರ ದನಿಯೆಂದು ಅವನಿಗೂ ಒಂದು ಕ್ಷಣ ಗೊತ್ತಾಗಲಿಲ್ಲ. ಎಂಜಲೂ ಹಾರಿರಬೇಕು, ನೀರಿನಲ್ಲಿ ಕಾಣಲಿಲ್ಲ. ಭಾವನ ಕೈಯಿಂದ ಪೈಪು ಜಾರಿ ನೆಲದ ಮೇಲೆ ಹಾವಿನಂತೆ ಹೊರಳಾಡಿತು. ಬೂಟಿನಕ್ಕ ಗಳಕ್ ಗಳಕ್ ಎಂದು ಹೋಗಿ ನಲ್ಲಿ ನಿಲ್ಲಿಸಿದಳು.

ಭಾವ ಗುಂಡಿ ಕೂಡದ ಅಂಗಿಯನ್ನು ಎರಡೂ ಕೈಯಿಂದ ಹೊಟ್ಟೆಯ ಮೇಲೆ ಎಳೆದುಕೊಂಡ. "ಮನೆಗೆ ಫೋನ್ ಮಾಡಿ ಹೇಳು, ಸಂಜೆ ಊಟ ಬೇಡ ಅಂತ," ಎಂದು, ತಿರುಗಿ ನಡುವಿನ ಕೋಣೆಯ ಕಡೆ ನಡೆದ. ಅವನ ನಡಿಗೆ ಇವನಿಗೆ ಗುರುತಿತ್ತು. ಬಾಗಿಲು ಮುಚ್ಚಿಕೊಂಡಿತು. ಆಚೆಯಿಂದ ಸ್ನಾನದ ನೀರಿನ ಸದ್ದು ಬಂತು, ಬಹಳ ಹೊತ್ತು ನಿಲ್ಲಲಿಲ್ಲ.

ಬೂಟಿನಕ್ಕ ಒಂದು ಬೂಟು ಕಳಚಿ ಬಗ್ಗಿಸಿ ನೀರು ಚೆಲ್ಲಿದಳು. ಇನ್ನೊಂದನ್ನು ಕಳಚುತ್ತ, ಅವನ ಮುಖ ನೋಡದೆ ಕೇಳಿದಳು.

"ಹಾಗಾದ್ರೆ ಅಕ್ಕನ ತಾಯಿಹಂದಿಗೆ ನಮ್ಮದು ಇಲ್ಲ."

"ಇಲ್ಲ ಅಕ್ಕ. ಮೊದಲಿಂದ ಮಾಡಬೇಕು. ಆಗೋದೇ ಇಲ್ಲ ಅಂತಾನೂ ಆಗಬಹುದು."

"ತವರಿಗೂ ಹೋಗೋ ಹಾಗಿಲ್ಲ."

"ಇಲ್ಲ."

"ಒಳ್ಳೆ ಡಾಕ್ಟ್ರು ಸಿಕ್ಕಿದ್ರಿ ನಂಗೆ," ಎಂದಳು. ಬೂಟಿನೊಳಗೆ ಕೈಹಾಕಿ ಒರೆಸಿದಳು. ಅದನ್ನು ಹೊಗಳಿಕೆಯೆಂದು ತಿಳಿಯುವಷ್ಟು ಅವನಿಗೆ ಮರುಳು ಹಿಡಿದಿರಲಿಲ್ಲ. ಗಂಟಲು ಉರಿಯುತ್ತಿತ್ತು. ನೆನೆದ ಬಟ್ಟೆ ಮೈಗಂಟಿ, ಕೆಳಗೆ ಹನಿ ಬೀಳುತ್ತಿದ್ದರೂ ಕೆನ್ನೆ, ಕಿವಿ, ಅಂಗೈ ಎಲ್ಲ ಕಾದಿದ್ದವು. ಕಿವಿಹರಕ ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಬಂದು, ಕಂಬಿಯ ಸಂದಿಯಲ್ಲಿ ಮೂತಿ ತೂರಿಸಿ, ತನ್ನ ಪಾಲಿನ ನೀರು ಯಾಕೆ ಬರಲಿಲ್ಲವೆಂದು ಕಾಯುತ್ತ ನಿಂತಿತ್ತು.

ಬೂಟು ಮೆಟ್ಟಿಕೊಂಡು ಅವಳು ಪೈಪು ಎತ್ತಿದಳು. "ಈಗಲಾದ್ರೂ ತೊಳೀಬಹುದಾ?"

ಅವನು ಥರ್ಮಾಮೀಟರ್ ಒರೆಸಿ ಕೊಳವೆಗೆ ಹಾಕಿ ಮುಚ್ಚಳ ತಿರುಗಿಸಿದ.

"ತೊಳಿ ಅಕ್ಕ," ಎಂದ. "ನೋಡಿದ್ದಾಯ್ತು."